ಮೂರನೇ ಸಿಲಿಂಡರಿನ ನೀರು

ಎಂಜಿನ್ ತಿರುಗದೆ ನಿಂತಾಗ ಅದಕ್ಕೆ ಬಲ ಹಾಕಬಾರದು. ಹಳೇ ಡೀಸೆಲ್ ಗಾಡಿಯ ವಿಷಯದಲ್ಲಿ ನನಗೆ ಗಟ್ಟಿಯಾಗಿ ಗೊತ್ತಿರುವುದು ಇದೊಂದೇ. ಅಪ್ಪನ ಅಂಬಾಸಿಡರ್ ನೋವಾದ ಬ್ಲಾಕನ್ನು ಒಡೆದುಕೊಂಡು ಕಲಿತದ್ದು.

ಗಾಡಿ 1991ರದ್ದು. ಹಿಂದೂಸ್ಥಾನ್ ಮೋಟರ್ಸ್‌ನವರು ನೋವಾ ಬಿಟ್ಟದ್ದು ಅದರ ಹಿಂದಿನ ವರ್ಷ. ಒಳಗೆ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಹಳೇ ವಿನ್ಯಾಸದ 1489 ಸಿಸಿ ಡೀಸೆಲ್ ಎಂಜಿನ್, ಶಕ್ತಿ ಬರೀ 37 ಎಚ್‌ಪಿ. ಇಂಗ್ಲೆಂಡಿನ ಕಾಲುವೆ ದೋಣಿಗಳಲ್ಲಿ ಇದೇ ಎಂಜಿನ್ ಈಗಲೂ ಓಡುತ್ತದೆ. ಅಪ್ಪ ಮೂಡುಬಿದಿರೆಯಲ್ಲಿ ಗಾಡಿಯನ್ನು ಬಾಡಿಗೆಗೆ ಓಡಿಸುತ್ತಿದ್ದರು. ಮದುವೆ ದಿಬ್ಬಣ, ಕೋಲ, ನೇಮ, ನಡುರಾತ್ರಿ ವೇಣೂರು ಕಡೆಯಿಂದ ಹೆರಿಗೆ ಕೇಸು, ಎಲ್ಲಕ್ಕೂ ಅದೇ ಕಾರು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಅಪರೂಪದ ಹಳೇ ಕಾರುಗಳನ್ನು ಒಪ್ಪವಾಗಿ ಕಾದಿಟ್ಟಿದ್ದಾರೆ. ಬಾಡಿಗೆ ಓಡಿದ ಡೀಸೆಲ್ ಅಂಬಾಸಿಡರಿಗೆ ಮನೆಯವರಲ್ಲದೆ ಇನ್ಯಾರೂ ಗತಿಯಿಲ್ಲ. ಅದನ್ನು ಉಳಿಸಿಕೊಳ್ಳಬೇಕೆಂಬ ನನ್ನ ಆಸೆ ನಿಜವಾದದ್ದೇ ಆಗಿತ್ತು.

ಅಪ್ಪನ ಕಣ್ಣು ಮಂಜಾದ ಮೇಲೆ ಗಾಡಿ ಹಟ್ಟಿಯ ಪಕ್ಕದ ಮಾಡಿನಡಿ ನಿಂತಿತು. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಜಿಲ್ಲೆ ನಮ್ಮದು. ಒಡೆದ ಹಂಚೊಂದನ್ನು ಯಾರೂ ಬದಲಿಸಲಿಲ್ಲ. ಬಾನೆಟ್ ಪೂರ್ತಿ ಕೂರುತ್ತಿರಲಿಲ್ಲ. ಏರ್ ಕ್ಲೀನರನ್ನು ಯಾವತ್ತೋ ಬಿಚ್ಚಿ ಡಿಕ್ಕಿಗೆ ಹಾಕಿದ್ದ ನಾನೇ, ಗಾಳಿ ಎಳೆಯುವ ಬಾಯಿಗೆ ಹಳೇ ಬೈರಾಸು ತುರುಕಿದ್ದೆ. ಇಲಿ ಹೋಗದಿರಲಿ ಎಂದು ಇಟ್ಟ ಆ ಬಟ್ಟೆ ಮಳೆಗಾಲವಿಡೀ ನೀರು ಹೀರಿ ಒಳಗೆ ಇಳಿಸಿತು.

2024ರ ಫೆಬ್ರವರಿಯಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ. 1604ರಲ್ಲಿ ನಿಂತ ಮೂರ್ತಿ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಉತ್ಸವ. ಹಿಂದಿನ ಸಲ, 2012ರಲ್ಲಿ, ಅಪ್ಪನೇ ಊರವರನ್ನೆಲ್ಲ ಅಲ್ಲಿಗೆ ಮುಟ್ಟಿಸಿದ್ದರು. ಈ ಸಲ ಅವರನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಕೆಂದು ನಾನು ಹಟ ಹಿಡಿದೆ. ದಿನ ಹತ್ತಿರ ಬಂದಿತ್ತು. ಹೊಸ ಬ್ಯಾಟರಿ ಹಾಕಿದೆ, ಟ್ಯಾಂಕ್ ತೊಳೆಸಿದೆ, ಫಿಲ್ಟರ್ ಬದಲಿಸಿದೆ, ಏರ್ ತೆಗೆದೆ. ಡೀಸೆಲ್ ಹೋಗುವ ದಾರಿಯೆಲ್ಲ ಶುದ್ಧ. ಗಾಳಿ ಹೋಗುವ ದಾರಿಯನ್ನು ನೋಡಲೇ ಇಲ್ಲ. ಬೈರಾಸನ್ನು ಎಳೆದು ಎಸೆದೆ, ಅದು ಒದ್ದೆಯಾಗಿದ್ದದ್ದು ಕೈಗೆ ತಾಗಿದರೂ ತಲೆಗೆ ಹೋಗಲಿಲ್ಲ.

ಕೀ ತಿರುಗಿಸಿದೆ. ಸ್ಟಾರ್ಟರ್ ಅರ್ಧ ಸುತ್ತು ಎಳೆದು ‘ಟಕ್’ ಎಂದು ನಿಂತಿತು. ಇನ್ನೊಮ್ಮೆ, ಅಲ್ಲೇ ‘ಟಕ್’. ಜಗಲಿಯಿಂದ ಅಪ್ಪ ಕೂಗಿ ಹೇಳಿದರು, “ನೋಸಲ್ ಬಿಚ್ಚಿ ನೋಡು, ಒಳಗೆ ಎಂತದೋ ಉಂಟು.” ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಆ ನೋಸಲ್ ಬಿಚ್ಚುವುದೆಂದರೆ ಅರ್ಧ ದಿನದ ಕೆಲಸ. ಸ್ಟಾರ್ಟರಿಗೇ ಬಲ ಸಾಲದು ಎಂದು ತೀರ್ಮಾನಿಸಿ ಪಕ್ಕದ ಮನೆಯ ಪಿಕಪ್ ತರಿಸಿ, ಹಗ್ಗ ಕಟ್ಟಿ, ಮೂರನೇ ಗೇರಿನಲ್ಲಿ ಎಳೆಸಿದೆ. ಹಿಂದಿನ ಚಕ್ರಗಳು ತುಸು ದೂರ ಉಜ್ಜಿಕೊಂಡು ಬಂದವು. ಒಮ್ಮೆ ಜರ್ಕ್ ಹೊಡೆದು ತಿರುಗಿದವು. ಬಿಳಿ ಹೊಗೆ ಉಗುಳುತ್ತಾ ಎಂಜಿನ್ ಸ್ಟಾರ್ಟ್ ಆಯಿತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು.

ಆ ಜರ್ಕಿನಲ್ಲಿ ಏನಾಯಿತೆಂದು ಲೆಕ್ಕ ಹಾಕಿದರೆ ಯಾರಿಗೂ ತಿಳಿಯುತ್ತದೆ. ಒಂದೊಂದು ಸಿಲಿಂಡರಿನ ಗಾತ್ರ 372 ಸಿಸಿ. ಪಿಸ್ಟನ್ ಮೇಲೆ ಬಂದಾಗ ಆ ಗಾಳಿ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಒತ್ತಿಹೋಗಿ, ಉಳಿಯುವ ಜಾಗ 20 ಸಿಸಿಯೂ ಇಲ್ಲ, ಅಂದರೆ ನಾಲ್ಕು ಟೀ ಚಮಚಕ್ಕಿಂತ ಕಡಿಮೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಗಾಡಿ ನಿಂತಿದ್ದಾಗ ಮೂರನೇ ಸಿಲಿಂಡರಿನ ಇನ್‌ಲೆಟ್ ವಾಲ್ವ್ ತೆರೆದೇ ಇತ್ತು, ಬೈರಾಸಿನ ನೀರು ಅಲ್ಲಿ ತಂಗಿತ್ತು. ಸ್ಟಾರ್ಟರಿಗೆ ಅದನ್ನು ಮೀರುವ ಶಕ್ತಿ ಇರಲಿಲ್ಲ. ಹಾಗಾಗಿಯೇ ಎಂಜಿನ್ ಉಳಿದಿತ್ತು. ಪಿಕಪ್ಪಿಗೆ ಆ ಶಕ್ತಿ ಇತ್ತು. ಕನೆಕ್ಟಿಂಗ್ ರಾಡ್ ಬಾಗಿತು.

ಆಮೇಲೂ ಎಂಜಿನ್ ಹೇಳುತ್ತಲೇ ಇತ್ತು. ಬೆಳಗ್ಗೆ ಬಿಳಿ ಹೊಗೆ, ಕೆಳಗಿನಿಂದ ಮಂದವಾದ ಬಡಿತ. ಒಂದೊಂದೇ ನೋಸಲಿನ ಪೈಪ್ ನಟ್ ಸಡಿಲಿಸಿ ನೋಡಿದರೆ ಮೂರನೆಯದರಲ್ಲಿ ಮಾತ್ರ ಸದ್ದು ಬದಲಾಗುತ್ತಿರಲಿಲ್ಲ. ನೋಸಲ್ ಕೆಟ್ಟಿದೆ ಎಂದುಕೊಂಡು ಪಂಪ್ ರಿಪೇರಿಯವರಲ್ಲಿಗೆ ಒಯ್ದೆ. ಸ್ಪ್ರೇ ಸರಿ ಉಂಟು ಎಂದು ಅವರು ಕಣ್ಣೆದುರೇ ತೋರಿಸಿದರು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ವೇಣೂರಿನಿಂದ ಮರಳುವಾಗ ಒಂದು ಏರಿನಲ್ಲಿ ರಾಡ್ ತುಂಡಾಗಿ ಬ್ಲಾಕಿನ ಪಕ್ಕೆಯನ್ನು ಒಡೆದು ಹೊರಬಂತು. ಅಪ್ಪ ಮುಂದಿನ ಸೀಟಿನಲ್ಲೇ ಇದ್ದರು. ಬಿಸಿ ಆಯಿಲ್ ರಸ್ತೆಯುದ್ದಕ್ಕೂ ಚೆಲ್ಲಿತ್ತು.

ಬಿ.ಸಿ. ರೋಡಿನ ಹತ್ತಿರ, ಅಂಬಾಸಿಡರ್ ಬಿಚ್ಚಿ ಕೈ ಪಳಗಿದ ಒಬ್ಬರು ಕಾಕ ಇದ್ದಾರೆ. ಗಾಡಿಯನ್ನು ಅಲ್ಲಿಗೆ ಎಳೆಸಿಕೊಂಡು ಹೋದೆ. ಹೆಡ್ ಎತ್ತಿದ ಮೇಲೆ ಕಾಕ ಟಾರ್ಚ್ ಹಿಡಿದು ಮೂರನೇ ಬೋರಿನ ಗೋಡೆ ತೋರಿಸಿದರು. ಸುತ್ತಲೂ ತುಕ್ಕಿನ ಒಂದು ಗೆರೆ. ಬಂಟ್ವಾಳ ಪೇಟೆಯ ಗೋಡೆಗಳ ಮೇಲೆ 1974ರ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರು ಬೆರಳಿಟ್ಟು ತೋರಿಸುತ್ತಾರಲ್ಲ, ಹಾಗೆ ನೀರು ನಿಂತ ಮಟ್ಟ ಸ್ಪಷ್ಟವಾಗಿತ್ತು. ಪಿಸ್ಟನ್ನಿಗೆ ಅಂಟಿಕೊಂಡಿದ್ದ ರಾಡಿನ ತುಂಡು ಬರಿಗಣ್ಣಿಗೇ ಡೊಂಕಾಗಿ ಕಾಣುತ್ತಿತ್ತು. “ತಿರುಗದಿದ್ದದ್ದಕ್ಕೆ ಒಂದು ಕಾರಣ ಉಂಟಲ್ಲ ಮಾರಾಯ, ಅದನ್ನು ಕೇಳಬೇಕಿತ್ತು,” ಎಂದಷ್ಟೇ ಹೇಳಿದರು.

ಅವರ ಕ್ರಮ ನೋಡಿದಾಗ ನಾನು ಎಲ್ಲಿ ತಪ್ಪಿದೆ ಎಂಬುದು ಸಾಲುಸಾಲಾಗಿ ಕಂಡಿತು. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಕಾಕ ಬ್ಯಾಟರಿ ಜೋಡಿಸುವುದೇ ಇಲ್ಲ. ಮೊದಲು ಸಂಪಿನ ಪ್ಲಗ್ ಸಡಿಲಿಸಿ ಬೆರಳಿಡುತ್ತಾರೆ. ನೀರು ಆಯಿಲಿಗಿಂತ ಭಾರ, ಇದ್ದರೆ ಅದೇ ಮೊದಲು ಬರಬೇಕು. ನಾಲ್ಕೂ ನೋಸಲ್ ಬಿಚ್ಚಿ, ಒಳಗೆ ತೆಳು ಆಯಿಲ್ ಬಿಟ್ಟು, ಒಂದೆರಡು ದಿನ ಸುಮ್ಮನೆ ಬಿಡುತ್ತಾರೆ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಸುತ್ತು. ಆ ಎರಡು ಸುತ್ತಿನಲ್ಲಿ ನಾಲ್ಕೂ ಸಿಲಿಂಡರಿನ ನಾಲ್ಕೂ ಹೊಡೆತ ಮುಗಿಯುತ್ತದೆ. ನೀರಿದ್ದರೆ ನೋಸಲಿನ ತೂತಿನಿಂದ ಹೊರಗೆ ಚಿಮ್ಮುತ್ತದೆ, ರಾಡಿಗೆ ಪೆಟ್ಟಿಲ್ಲ. ಕಂಪ್ರೆಷನ್ ಗೇಜ್ ಬರುವುದು ಆಮೇಲೆ. ಅದರಲ್ಲೂ ಅಂಕಿಗಿಂತ, ನಾಲ್ಕರಲ್ಲಿ ಯಾವುದು ಉಳಿದವುಗಳಿಂದ ಕೆಳಗಿದೆ ಎಂಬುದನ್ನು ನೋಡುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಚಮಚ ಆಯಿಲ್ ಬಿಟ್ಟು ರಿಂಗ್ ಸವೆತ ಕಂಡುಹಿಡಿಯುವ ಉಪಾಯವನ್ನು ಡೀಸೆಲಿಗೆ ಅವರು ನಂಬುವುದಿಲ್ಲ. ಇದ್ದ ಚೂರು ಜಾಗವನ್ನು ಆ ಆಯಿಲೇ ತುಂಬಿ ಗೇಜನ್ನು ಏರಿಸಿಬಿಡುತ್ತದೆ. ಅದರ ಬದಲು ಎಂಜಿನ್ ಓಡುವಾಗ ಬ್ರೀದರಿನಿಂದ ಬರುವ ಹೊಗೆ ನೋಡುತ್ತಾರೆ. ಮೊದಲ ಸ್ಟಾರ್ಟಿನ ಹೊತ್ತಿಗೆ ಗಾಳಿ ಎಳೆಯುವ ಬಾಯಿಯ ಪಕ್ಕ ಒಂದು ಹಲಗೆ ಹಿಡಿದು ಹುಡುಗನನ್ನು ನಿಲ್ಲಿಸುತ್ತಾರೆ. ಡೀಸೆಲ್ ಎಂಜಿನ್ ತನ್ನದೇ ಆಯಿಲ್ ಕುಡಿದು ಓಡತೊಡಗಿದರೆ ಕೀ ತೆಗೆದರೂ ನಿಲ್ಲುವುದಿಲ್ಲ, ಗಾಳಿ ಮುಚ್ಚಿದರೆ ಮಾತ್ರ ನಿಲ್ಲುತ್ತದೆ.

ಒಡೆದ ಬ್ಲಾಕಿಗೆ ವೆಲ್ಡಿಂಗ್ ಮಾಡಿಸಲು ಕಾಕ ಒಪ್ಪಲಿಲ್ಲ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ 2014ರಲ್ಲೇ ನಿಂತಿದೆ. ಬೇರೆ ಬ್ಲಾಕ್ ಬೇಕಾದರೆ ಗುಜರಿಯಲ್ಲೇ ಹುಡುಕಬೇಕು. ಬೆಳ್ತಂಗಡಿ ಕಡೆಯ ಒಂದು ತೋಟದಲ್ಲಿ ಅದೇ ಎಂಜಿನ್ನಿನ ಗಾಡಿ ನಿಂತಿದೆ ಎಂದು ಗೊತ್ತಾಗಿ ಹೋದೆವು. ಬ್ಯಾಟರಿ ತಂದಿಟ್ಟಿದ್ದೇನೆ, ಒಂದು ಸೆಲ್ಫ್ ಹೊಡೆದು ನೋಡಿ ಎಂದರು ತೋಟದವರು. ಬೇಡ ಎಂದೆ. ಅವರ ಅಂಗಳದಲ್ಲೇ ಕೂತು ನೋಸಲ್ ಬಿಚ್ಚಿದೆವು. ಸ್ಪ್ಯಾನರ್ ಮೊದಲ ಅರ್ಧ ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿಯಿತು. ಕಾಕ ನನ್ನ ಕೈ ಹಿಡಿದು ನಿಲ್ಲಿಸಿ, ತುಸು ಹಿಂದೆ ತಿರುಗಿಸಿ, ಇನ್ನೊಂದಿಷ್ಟು ಆಯಿಲ್ ಬಿಟ್ಟರು. ರಿಂಗ್ ಹಿಡಿದಿತ್ತು. ಆ ದಿನ ಎಂಜಿನ್ ಪೂರ್ತಿ ತಿರುಗಲೇ ಇಲ್ಲ. ಆಯಿಲ್ ಇಳಿಯಲಿ ಎಂದು ಹಾಗೆಯೇ ಬಿಟ್ಟು, ತೂತುಗಳಿಗೆ ಬಿರಡೆ ಹಾಕಿ, ಮುಂದಿನ ವಾರ ಬರುತ್ತೇವೆಂದು ತೋಟದವರಿಗೆ ಹೇಳಿ ಹೊರಟೆವು.