ಕರಡಿಗೊಂದು ಅಭ್ಯಂಜನ

ನೀವೆಲ್ಲ ಈ ಮುಂಬಯಿಯಲ್ಲೇ ಹುಟ್ಟಿ ಬೆಳೆದವರು. ಕೆಲವರಿಗೆ ಈಗ ಮಕ್ಕಳೂ ಆಗಿದ್ದಾರೆ. ಚಿಕ್ಕಂದಿನಲ್ಲಿ ನೀವು ತಬ್ಬಿ ಮಲಗುತ್ತಿದ್ದ ಕರಡಿಯೋ ಮೊಲವೋ ಅಮ್ಮನ ಮನೆಯ ಲಾಫ್ಟಿನ ಟ್ರಂಕಿನಲ್ಲಿ ಇದ್ದೇ ಇರುತ್ತದೆ. ಅದನ್ನು ನಿಮ್ಮ ಪಾಪುವಿನ ಕೈಗಿಡುವ ಆಸೆ ಸಹಜವೇ. ಕೊಡಿ, ಆದರೆ ಇಳಿಸಿದ ಹಾಗೆಯೇ ಕೊಡಬೇಡಿ.

ಮೊದಲು ಮೂಸಿ ನೋಡಿ. ನುಸಿಗುಳಿಗೆಯ, ಅಂದರೆ ಇಲ್ಲಿಯವರ ಡಾಂಬರ್ ಗೋಳಿಯ ವಾಸನೆ ಇದ್ದರೆ ಅದು ಪೂರ್ತಿ ಹೋಗುವವರೆಗೆ ಹೊರಗೆ ಗಾಳಿಗಿಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ನ್ಯಾಫ್ತಲೀನಿನ ಹಬೆ ರಕ್ತದ ಕೆಂಪು ಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಆ ಕೊರತೆ ಮಗುವಿನ ಮುಖ ನೋಡಿದರೆ ತಿಳಿಯುವಂಥದಲ್ಲ.

ಆಮೇಲೆ ಕಣ್ಣು, ಮೂಗು ಎಳೆದು ನೋಡಿ. ಸಡಿಲವಾಗಿದ್ದರೆ ಕಿತ್ತು ದಾರದಲ್ಲೇ ಕಣ್ಣು ಹೊಲಿಯಿರಿ. ಹೊಟ್ಟೆ ಒತ್ತಿದರೆ ಹಾಡುವ ಜಾತಿಯದಾದರೆ ಹೊಲಿಗೆ ಬಿಚ್ಚಿ ಡಬ್ಬಿಯನ್ನೇ ತೆಗೆದುಬಿಡಿ. ಗುಂಡಿಯಂಥ ಸೆಲ್ಲನ್ನು ಮಗು ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು. ಹಾಡು ನೀವೇ ಹೇಳಿದರಾಯಿತು!

ನಮ್ಮ ಮಗಳಿಗೆ ಚಿಕ್ಕಂದಿನಲ್ಲಿ ಉಬ್ಬಸ. ಬೊಂಬೆಗಳನ್ನೆಲ್ಲ ಹಾಸಿಗೆಯಿಂದ ತೆಗೆಯಿರಿ ಎಂದರು ಡಾಕ್ಟರು. ಅವಳ ಅಳು ನೋಡಲಾರದೆ ಒಂದಕ್ಕೆ ಮಾತ್ರ ಅಪ್ಪಣೆ ಕೊಟ್ಟರು, ಹದಿನೈದು ದಿನಕ್ಕೊಮ್ಮೆ ಶುಚಿ ಮಾಡುವ ಕರಾರಿನ ಮೇಲೆ. ಕಾರಣ, ಬರಿಗಣ್ಣಿಗೆ ಕಾಣದ ಧೂಳುನುಸಿ. 60 ಡಿಗ್ರಿ ಬಿಸಿನೀರಿಗೆ ಅದು ಸಾಯುತ್ತದೆ, ಆದರೆ ಅಷ್ಟು ಬಿಸಿಯನ್ನು ಎಲ್ಲ ಬೊಂಬೆಗಳೂ ತಡೆಯವು. ಅಂಥದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ಪೂರ್ತಿ ದಿನ ಫ್ರೀಜರಿನಲ್ಲಿಡಬೇಕು. ನಮ್ಮ ಅತ್ತೆಯವರು ಐಸ್ ತೆಗೆಯಲು ಹೋಗಿ ಕರಡಿ ಕಂಡು, "ಮಡಿಯ ಮನೆಗೆ ಇದನ್ನೂ ತಂದೆಯಾ?" ಎಂದಿದ್ದರು. ಸತ್ತ ನುಸಿ, ಅದರ ಹಿಕ್ಕೆ ಒಳಗೇ ಉಳಿದು ಮತ್ತೆ ಕೆಮ್ಮು ತರಿಸುವುದರಿಂದ ಫ್ರೀಜರಾದ ಮೇಲೂ ಒಗೆಯಲೇಬೇಕು.

ಒಗೆಯುವುದೇನು ಕಷ್ಟವಲ್ಲ. ಕಿವಿಯ ಹಿಂದೆ ಒದ್ದೆ ಬಟ್ಟೆ ಉಜ್ಜಿ ಬಣ್ಣ ಬಿಡುವುದೋ ನೋಡಿ. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಮೃದು ಸೋಪು ಸಾಕು. ಅದುಮಿ ಅದುಮಿ ತೊಳೆಯಿರಿ, ತಿರುಚಬೇಡಿ. ನೊರೆ ನಿಲ್ಲುವವರೆಗೆ ನೀರು ಬದಲಿಸಿ. ಮಷೀನಿಗೆ ಹಾಕುವುದಾದರೆ ದಿಂಬಿನ ಗವಸಿನಲ್ಲಿ ಕಟ್ಟಿ ಹಾಕಿ. ಥರ್ಮಾಕೋಲ್ ಕಾಳು ತುಂಬಿದ್ದನ್ನು ಮುಳುಗಿಸದೆ ಮೇಲಷ್ಟೇ ಒರೆಸಿ. ಮಗು ಬಾಯಿಗಿಡುವ ವಸ್ತುವಿಗೆ ಫಿನೈಲ್ ಖಂಡಿತ ಬೇಡ.

ನಿಜವಾದ ಫಜೀತಿ ಒಣಗಿಸುವುದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗ್ಯಾಲರಿಯಲ್ಲಿ ಕರವಸ್ತ್ರವೇ ಒಣಗದು, ಇನ್ನು ಹೊಟ್ಟೆತುಂಬ ನೀರು ಕುಡಿದ ಕರಡಿ! ಒಳಗೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಉಬ್ಬಸದ ಮಗುವಿಗೆ ಅದು ಧೂಳಿನಷ್ಟೇ ಕೆಟ್ಟದ್ದು. ಒಣ ಟವೆಲಿನಲ್ಲಿ ಸುತ್ತಿ ಅದುಮಿ, ಫ್ಯಾನಿನ ಕೆಳಗೆ ಮಲಗಿಸಿ, ಆಗಾಗ ಮಗ್ಗುಲು ಬದಲಿಸಿ. ಕಿವಿಗೆ ಕ್ಲಿಪ್ಪು ಸಿಕ್ಕಿಸಿ ನೇತುಹಾಕಿದರೆ ಹೊಲಿಗೆ ಬಿಡುತ್ತದೆ. ಮೈ ಒಣಗಿದಂತೆ ಕಂಡರೂ ಹೊಟ್ಟೆಯನ್ನು ಗಟ್ಟಿಯಾಗಿ ಒತ್ತಿ ನೋಡಿ. ಒಳಗೆ ತಣ್ಣಗೆನಿಸಿದರೆ ಇನ್ನೊಂದು ದಿನ ಬೇಕು. ಆ ರಾತ್ರಿ ಮಗುವನ್ನು ಮಲಗಿಸುವ ಕೆಲಸ ಅಜ್ಜಿಗೆ ಬಿಡಿ.