ಗಾಳಿ, ಹಾಲು, ಚೀಟಿ

ನಮ್ಮ ಸೋದರತ್ತೆಯದೊಂದು ಸಿದ್ಧಾಂತ: ಕ್ಷಯ ಹಿಡಿದಿದ್ದ ನಮ್ಮ ದೊಡ್ಡಪ್ಪನನ್ನು ಉಳಿಸಿದ್ದು ಆರೋಗ್ಯಧಾಮದ ಗಾಳಿ ಮತ್ತು ಹಾಲು. ಗುಳಿಗೆಯನ್ನೂ ನುಂಗಿದ್ದರಲ್ಲ ಎಂದರೆ, "ಅದೂ ಇತ್ತು ಬಿಡೋ" ಎನ್ನುತ್ತಾರೆ. ಅದೇ ಹಾಲು ಕುಡಿದೂ ಮನೆಗೆ ಹಿಂತಿರುಗದವರ ಕಥೆ ಹೇಳಲು ಯಾರೂ ಇಲ್ಲ.

ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳ ಸಿದ್ಧಾಂತವೂ ಇದೇ. ಅದನ್ನು ಒರೆಗೆ ಹಚ್ಚಿದ್ದು ಮದರಾಸಿನಲ್ಲಿ, 1956ರಲ್ಲಿ ಆರಂಭವಾದ ಪ್ರಯೋಗ. ನಗರದ 193 ಬಡ ರೋಗಿಗಳು. ಯಾರು ಆರೋಗ್ಯಧಾಮಕ್ಕೆ, ಯಾರು ಮನೆಗೆ ಎಂಬುದು ಡಾಕ್ಟರ ಇಷ್ಟವಲ್ಲ, ಚೀಟಿ ಎತ್ತಿದ ಹಾಗೆ. ಔಷಧ ಎರಡೂ ಕಡೆಗೆ ಒಂದೇ, ಒಂದು ವರ್ಷ. ಡಾಕ್ಟರೇ ಆರಿಸಿದ್ದರೆ ಗಟ್ಟಿಮುಟ್ಟಾದವರನ್ನೇ ಮನೆಗೆ ಕಳಿಸಿಬಿಡಬಹುದು. ಕೊನೆಗೆ ಗೆದ್ದದ್ದು ಮನೆಯೋ ಮೈಕಟ್ಟೋ ತಿಳಿಯದು. ಇದನ್ನು ಹೇಳಿದಾಗ ಅತ್ತೆ ಕೆರಳಿದರು: "ಜೀವ ಅಂದರೆ ಚೀಟಿ ವ್ಯವಹಾರವೇನೋ?" ಪ್ರಶ್ನೆ ಸಣ್ಣದಲ್ಲ. ಆದರೆ ಯಾವುದು ಮೇಲೆಂದು ಯಾರಿಗೂ ತಿಳಿಯದಿದ್ದಾಗ, ತಿಳಿದವರಂತೆ ನಟಿಸುವುದಕ್ಕಿಂತ ಚೀಟಿಯೇ ಪ್ರಾಮಾಣಿಕವೆಂದು ನನ್ನ ಮತ.

1959ರಲ್ಲಿ ಫಲಿತಾಂಶ ಹೊರಬಿತ್ತು. ಇಕ್ಕಟ್ಟಾದ ಮನೆಯಲ್ಲಿ, ಬಡ ಊಟ ಉಂಡು ಇದ್ದವರೂ ಹೆಚ್ಚುಕಡಿಮೆ ಆರೋಗ್ಯಧಾಮದವರಷ್ಟೇ ಗುಣವಾಗಿದ್ದರು. ಜೊತೆಯಲ್ಲಿದ್ದ ಮನೆಯವರಿಗೆ ಅದರಿಂದ ರೋಗದ ಭಯವೂ ಹೆಚ್ಚಿರಲಿಲ್ಲ. ದುಡಿಯುವವನು ಹೆಂಡತಿ ಮಕ್ಕಳನ್ನು ಬಿಟ್ಟು ವರ್ಷವಿಡೀ ದೂರದಲ್ಲಿ ಮಲಗಬೇಕಾಗಿಲ್ಲ! ಇದರಿಂದ ಎಷ್ಟು ಸಂಸಾರಗಳು ಉಳಿದವೋ.

ಆರೋಗ್ಯಧಾಮದಲ್ಲಾದರೆ ದಾದಿ ನಿಂತು ನೋಡುತ್ತಾಳೆ. ಮನೆಯಲ್ಲಿ ಕೆಮ್ಮು ನಿಂತ ರೋಗಿ ಗುಳಿಗೆ ನುಂಗಿದನೆಂದು ನೋಡುವವರಾರು? ಮದರಾಸಿನವರು ಆಮೇಲೆ ಅದನ್ನೂ ಕೈಗೆತ್ತಿಕೊಂಡರು: ವಾರಕ್ಕೆರಡು ಸಲ, ಕಣ್ಣೆದುರಿಗೇ ಔಷಧ ಕೊಟ್ಟು, ಮತ್ತೆ ಎಣಿಸತೊಡಗಿದರು.