ಐದು ಸ್ಟಾರ್ ಇದೆಯಲ್ಲ ಸಾರ್!

ಇವತ್ತು ಬೆಳಿಗ್ಗೆ ಲಕ್ಷ್ಮೀಪುರಂನಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 3 ಸೀರೀಸ್ ನೋಡ್ತಾ ಇದ್ದರು. ಮಾರುವ ಹುಡುಗ ಹೇಳಿದ್ದು ಒಂದೇ ಮಾತು: "ಐದು ಸ್ಟಾರ್ ಇದೆಯಲ್ಲ ಸಾರ್, ಸೇಫ್ಟಿ ಬಗ್ಗೆ ಯೋಚನೆನೇ ಬೇಡ."

ಸ್ಟಾರ್ ಸುಳ್ಳಲ್ಲ. 2019ರಲ್ಲಿ ಯೂರೋ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಈ ಕಾರಿಗೆ ದೊಡ್ಡವರ ರಕ್ಷಣೆಯಲ್ಲಿ ಶೇ. 97 ಅಂಕ ಬಂದಿತ್ತು. ಆದರೆ ಅದರಲ್ಲಿ ಮುಂಭಾಗದ ಡಿಕ್ಕಿ ನಡೆಸಿದ್ದು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಬೊಂಬೆಗಳಿಗೆ ಬೆಲ್ಟ್ ಹಾಕಿ. ನಮ್ಮ ಭಾರತ್ ಎನ್‌ಕ್ಯಾಪ್‌ನದ್ದೂ ಅದೇ 64. ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿಯೇ 100! ಆ ವೇಗದಲ್ಲಿ ಡಿಕ್ಕಿಯ ಶಕ್ತಿ ಪರೀಕ್ಷೆಯದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು, 120ಕ್ಕೆ ಮೂರೂವರೆ ಪಟ್ಟು. ಈ ಲೆಕ್ಕ ಯಾವ ಶೋರೂಮಿನವರೂ ಹೇಳಿದ್ದು ನಾನು ಕೇಳಿಲ್ಲ. ಆರೇಳು ಸೆಕೆಂಡಿನಲ್ಲಿ 100 ಮುಟ್ಟುವ ಕಾರು ಕೊಡುವಾಗಲಾದರೂ ಹೇಳಬೇಕು.

ಇನ್ನು ಹಿಂದಿನ ಸೀಟು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಿದ್ದು ಮರ್ಸಿಡಿಸ್ ಜಿಎಲ್‌ಸಿಯಲ್ಲಿ. ಅದೂ ಸಾಮಾನ್ಯ ಗಾಡಿಯಲ್ಲ. ಮುಂದೆ ಕೂತ ಇಬ್ಬರೂ ಉಳಿದರು, ಬೆಲ್ಟ್ ಹಾಕದೆ ಹಿಂದೆ ಕೂತ ಇಬ್ಬರೂ ಹೋದರು. ಇಷ್ಟಾದ ಮೇಲೂ ಮದುವೆಗೆ ಹೊರಟಾಗ ಹಿಂದೆ ಕೂತ ಅಜ್ಜಿಗೆ ಬೆಲ್ಟ್ ಹಾಕಿಕೊಳ್ಳಿ ಅನ್ನೋಕೆ ನಮಗೆ ಸಂಕೋಚ. ಸೀರೆ ಮುದುಡುತ್ತೆ ಅಂತ ಅವರೂ ಒಪ್ಪಲ್ಲ.

ಕಾರು ನೋಡೋಕೆ ಹೋದಾಗ ಹಿಂದಿನ ಸೀಟಿನ ಬೆಲ್ಟ್ ಎಳೆದು, ಬಕಲ್ ಹಾಕಿ ನೋಡಿದವರು ನಿಮ್ಮಲ್ಲಿ ಎಷ್ಟು ಜನ? ನಿಜವಾಗಿ ಹೇಳಿ.